ಗೆದ್ದವರೂ ಕಾಯ್ದ ಊರು ಕಂಚಿ

ಸಂಜೆ ದೀಪ ಹಚ್ಚುವ ಹೊತ್ತು. ಗೋಡೆಯ ಮೇಲಿದ್ದ ಹಲ್ಲಿ ಹಿಡಿತ ತಪ್ಪಿ ಯಾರದೋ ಭುಜದ ಮೇಲೆ ಬೀಳುತ್ತದೆ. ಮನೆಯೆಲ್ಲ ಗದ್ದಲ. ಒಬ್ಬರು ಪಂಚಾಂಗ ತೆಗೆದು ಹಲ್ಲಿ ಬಿದ್ದ ಫಲ ಹುಡುಕುತ್ತಾರೆ, ಇನ್ನೊಬ್ಬರು ತಲೆಗೆ ಸ್ನಾನ ಮಾಡು ಎನ್ನುತ್ತಾರೆ. ಅಷ್ಟರಲ್ಲಿ ಅಜ್ಜಿ ಸಮಾಧಾನ ಹೇಳುತ್ತಾರೆ: ‘ಪಕ್ಕದ ಮನೆಯವರು ಕಂಚಿಗೆ ಹೋಗಿ ಹಲ್ಲಿ ಮುಟ್ಟಿ ಬಂದಿದ್ದಾರೆ. ಹೋಗಿ ಅವರನ್ನು ಮುಟ್ಟಿ ಬಾ, ದೋಷ ಹೋಗುತ್ತೆ.’

ಕರ್ನಾಟಕದ ಎಷ್ಟೋ ಮನೆಗಳಿಗೆ ಕಂಚಿ ಪರಿಚಯವಾಗುವುದೇ ಹೀಗೆ. ಬಂಗಾರದ ಹಲ್ಲಿ, ಬೆಳ್ಳಿಯ ಹಲ್ಲಿ, ಆಮೇಲೆ ಮದುವೆಯ ಧಾರೆ ಸೀರೆ, ಆಮೇಲೆ ಕಾಮಾಕ್ಷಿ. ತಿರುಪತಿಗೆ ಹೋದ ಬಸ್ಸು ಬರುವ ದಾರಿಯಲ್ಲಿ ಅರ್ಧ ದಿನ ಅಲ್ಲಿ ನಿಲ್ಲುತ್ತದೆ. ಮೂರು ಗುಡಿ, ಒಂದು ಸೀರೆ ಅಂಗಡಿ ಮುಗಿಸಿ ಜನ ಊರಿಗೆ ಮರಳುತ್ತಾರೆ.

ಆ ಅರ್ಧ ದಿನದಲ್ಲಿ ಕಣ್ತಪ್ಪಿ ಹೋಗುವ ಒಂದು ಸಂಗತಿ ಕನ್ನಡಿಗರಿಗೆ ತೀರಾ ಹತ್ತಿರದ್ದು. ಕನ್ನಡದ ಮೊದಲ ರಾಜವಂಶದ ಹುಟ್ಟಿನ ಕಥೆ ಶುರುವಾಗುವುದು ಕಂಚಿಯಲ್ಲಿ. ಬಾದಾಮಿಯ ದೊರೆಯೊಬ್ಬ ಬರೆಸಿದ ಕನ್ನಡ ಶಾಸನ ಅಲ್ಲಿನ ಕಂಬದ ಮೇಲಿದೆ. ಊರಿನ ಅತಿ ಎತ್ತರದ ಗೋಪುರ ಕಟ್ಟಿಸಿದವನು ಹಂಪಿಯ ಅರಸ. ಯುದ್ಧಕ್ಕೆ ಬಂದವರೂ ಕಡೆಗೆ ಕೈಮುಗಿದು ಕಾಯ್ದ ಊರು ಇದು. ಕಂಚಿ ಇಂದಿಗೂ ಉಳಿದಿರುವುದರ ಗುಟ್ಟು ಅಲ್ಲಿದೆ.

ಏಳರಲ್ಲಿ ಒಂದು

ಮೋಕ್ಷ ಕೊಡುವ ಪುರಿಗಳು ಏಳು ಎಂದು ಪುರಾಣ ಹೇಳುತ್ತದೆ: ಅಯೋಧ್ಯೆ, ಮಥುರೆ, ಮಾಯಾ ಎಂದು ಕರೆಯುವ ಹರಿದ್ವಾರ, ಕಾಶಿ, ಕಂಚಿ, ಅವಂತಿಕಾ ಎಂಬ ಉಜ್ಜಯಿನಿ ಮತ್ತು ದ್ವಾರಕೆ. ಇವುಗಳಲ್ಲಿ ದಕ್ಷಿಣದಲ್ಲಿರುವುದು ಕಂಚಿ ಒಂದೇ.

ಚೆನ್ನೈನಿಂದ ನೈರುತ್ಯಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಬೆಂಗಳೂರು–ಚೆನ್ನೈ ಹೆದ್ದಾರಿಯಿಂದ ತುಸು ಒಳಕ್ಕೆ, ವೇಗವತಿ ನದಿಯ ದಂಡೆಯಲ್ಲಿ ಊರಿದೆ. ಅಲ್ಲಿನವರ ಮಾತಿನಲ್ಲಿ ಇದು ಒಂದು ಊರಲ್ಲ. ಏಕಾಂಬರೇಶ್ವರ, ಕೈಲಾಸನಾಥ, ಕಾಮಾಕ್ಷಿ ಗುಡಿಗಳಿರುವ ಭಾಗ ಶಿವಕಂಚಿ. ಅದೇ ದೊಡ್ಡ ಕಂಚಿ. ವರದರಾಜಸ್ವಾಮಿ ಇರುವ ಆಗ್ನೇಯ ಭಾಗ ವಿಷ್ಣುಕಂಚಿ, ಅಂದರೆ ಚಿಕ್ಕ ಕಂಚಿ. ವೇಗವತಿಯ ಆಚೆಗಿನ ತಿರುಪ್ಪರುತ್ತಿಕುನ್ರಂ ಜಿನಕಂಚಿ. ಇವುಗಳ ಜೊತೆಗೆ ಬೌದ್ಧರ ಕಂಚಿಯೂ ಒಂದು ಕಾಲದಲ್ಲಿ ಇತ್ತು. ವೈಷ್ಣವರ 108 ದಿವ್ಯದೇಶಗಳಲ್ಲಿ 14 ಈ ಊರು ಮತ್ತು ಆಸುಪಾಸಿನಲ್ಲೇ ಸಿಗುತ್ತವೆ.

ವಿದ್ಯೆಗಾಗಿ ಹೋದವರು

ಗುಡಿಗಳಿಗೆ ಹೆಸರಾಗುವ ಮೊದಲೇ ಕಂಚಿ ವಿದ್ಯೆಗೆ ಹೆಸರಾಗಿತ್ತು. ಅಲ್ಲಿನ ಉನ್ನತ ವಿದ್ಯಾಕೇಂದ್ರಕ್ಕೆ ಘಟಿಕೆ ಎನ್ನುತ್ತಿದ್ದರು. ನಾಲ್ಕನೆಯ ಶತಮಾನದಲ್ಲಿ ಇಂದಿನ ಶಿವಮೊಗ್ಗ ಜಿಲ್ಲೆಯ ತಾಳಗುಂದದಿಂದ ಮಯೂರಶರ್ಮ ಎಂಬ ತರುಣ ತನ್ನ ಗುರು ವೀರಶರ್ಮನ ಜೊತೆ ಆ ಘಟಿಕೆಗೆ ಹೋದ.

ಮುಂದಿನದನ್ನು ತಾಳಗುಂದದ ಕಂಬದ ಶಾಸನ ಹೇಳುತ್ತದೆ. ಕಂಚಿಯಲ್ಲಿ ಅಲ್ಲಿನ ಅರಸರಾದ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ಅವಮಾನ ನುಂಗಲಾರದ ಮಯೂರ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ, ಶ್ರೀಪರ್ವತದ ಕಾಡು ಸೇರಿ ಪಲ್ಲವರನ್ನು ಕಾಡಿದ, ಕಡೆಗೆ ಅವರೇ ಒಪ್ಪಿ ಅವನನ್ನು ಅರಸನೆಂದು ಮನ್ನಿಸಬೇಕಾಯಿತು. ಬನವಾಸಿಯ ಕದಂಬ ರಾಜ್ಯ ಹುಟ್ಟಿದ್ದು ಹೀಗೆ. ಓದಲು ಹೋದ ಹುಡುಗನಿಗೆ ಆದ ಅವಮಾನದಿಂದ ಕನ್ನಡ ನಾಡಿನ ರಾಜಕೀಯ ಇತಿಹಾಸವೇ ತಿರುವು ಪಡೆಯಿತು.

ಬೌದ್ಧರಿಗೂ ಕಂಚಿ ದೊಡ್ಡ ಕೇಂದ್ರ. ನಾಲಂದಾದ ಮುಖ್ಯಸ್ಥನಾದ ಆಚಾರ್ಯ ಧರ್ಮಪಾಲ ಇಲ್ಲಿಯವನು. ಏಳನೆಯ ಶತಮಾನದ ನಡುವೆ ಬಂದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಸುಮಾರು ನೂರು ವಿಹಾರ, ಹತ್ತು ಸಾವಿರ ಭಿಕ್ಷುಗಳ ಲೆಕ್ಕ ಕೊಡುತ್ತಾನೆ. ದೇವಾಲಯಗಳೂ ಜೈನರೂ ಬಹಳ ಎಂದು ಸೇರಿಸುತ್ತಾನೆ. ಆ ವಿಹಾರಗಳು ಇಂದು ಇಲ್ಲ.

ಮರಳುಗಲ್ಲಿನ ಕೈಲಾಸ

ಕಂಚಿಯಲ್ಲಿ ಇಂದು ನಿಂತಿರುವ ಕಟ್ಟಡಗಳಲ್ಲಿ ಅತಿ ಹಳೆಯವುಗಳ ಸಾಲಿನಲ್ಲಿ ಮೊದಲು ಹೇಳಬೇಕಾದ್ದು ಕೈಲಾಸನಾಥ ದೇವಾಲಯ. ಊರಿನ ಪಶ್ಚಿಮದ ಅಂಚಿನಲ್ಲಿ, ಗದ್ದಲದಿಂದ ದೂರದಲ್ಲಿದೆ. ಎಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದವನು ರಾಜಸಿಂಹ ಎಂಬ ಬಿರುದಿನ ಪಲ್ಲವ ದೊರೆ ಎರಡನೆಯ ನರಸಿಂಹವರ್ಮ. ಮಹಾಬಲಿಪುರದ ಕಡಲ ತೀರದ ಗುಡಿಯೂ ಅವನದೇ. ಅವನ ಹೆಸರಿನಿಂದಲೇ ಇದಕ್ಕೆ ರಾಜಸಿಂಹೇಶ್ವರ ಎಂಬ ಹೆಸರಿತ್ತು.

ಅದಕ್ಕೆ ಮುಂಚೆ ಪಲ್ಲವರು ಬಂಡೆ ಕೊರೆದು ಗುಹಾಲಯ ಮಾಡಿದರು, ಒಂದೇ ಕಲ್ಲಿನಲ್ಲಿ ರಥ ಕಡೆದರು. ಇಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದರು. ಭಾರ ಹೊರುವ ಅಡಿಪಾಯಕ್ಕೆ ಗಟ್ಟಿ ಕಣಶಿಲೆ, ಮೇಲಿನ ಗೋಡೆ ಮತ್ತು ಶಿಖರಕ್ಕೆ ಉಳಿಗೆ ಸುಲಭವಾಗಿ ಬಗ್ಗುವ ಮರಳುಗಲ್ಲು. ಹಿಂಗಾಲ ಮೇಲೆ ನಿಂತ ಸಿಂಹಗಳು ಕಂಬಗಳನ್ನು ಹೊತ್ತಿವೆ. ಅಂಗಳದ ಸುತ್ತ ಒಂದಕ್ಕೊಂದು ತಾಗಿ 58 ಪುಟ್ಟ ಗುಡಿಗಳಿವೆ. ಕೆಲವು ಗೂಡುಗಳಲ್ಲಿ ಹಳೆಯ ಚಿತ್ರಗಳ ಬಣ್ಣ ಇನ್ನೂ ಅಂಟಿಕೊಂಡಿದೆ. ಶಿವ, ಪಾರ್ವತಿ, ನಡುವೆ ಮಗು ಸ್ಕಂದ ಕೂತ ಸೋಮಾಸ್ಕಂದ ರೂಪ ಪಲ್ಲವರಿಗೆ ಬಹಳ ಪ್ರಿಯವಾದದ್ದು. ಅದು ಇಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಗರ್ಭಗುಡಿಯಲ್ಲಿ ಹದಿನಾರು ಬದಿಗಳ ಲಿಂಗ. ಅದರ ಸುತ್ತ ಪ್ರದಕ್ಷಿಣೆಗೆ ಇಕ್ಕಟ್ಟಾದ ಒಂದು ಸಂದಿ ಇದೆ. ಮೈ ಬಗ್ಗಿಸಿ, ತೆವಳಿ ಒಳಹೊಕ್ಕು, ಇನ್ನೊಂದು ಬದಿಯಿಂದ ಹಾಗೆಯೇ ಹೊರಬರಬೇಕು. ಒಮ್ಮೆ ಹೀಗೆ ಬಂದವರಿಗೆ ಮರುಹುಟ್ಟಿಲ್ಲ ಎಂಬುದು ಭಕ್ತರ ನಂಬಿಕೆ.

ಗೆದ್ದವನು ಬರೆಸಿದ ಕನ್ನಡ

ಬಾದಾಮಿ ಚಾಲುಕ್ಯರಿಗೂ ಕಂಚಿಯ ಪಲ್ಲವರಿಗೂ ತಲೆಮಾರುಗಳ ಹಗೆ. ಇಮ್ಮಡಿ ಪುಲಕೇಶಿ ಪಲ್ಲವ ದೊರೆಯನ್ನು ಕಂಚಿಯ ಕೋಟೆಯೊಳಗೆ ಅಡಗುವಂತೆ ಮಾಡಿದ ಎಂದು 634ರ ಐಹೊಳೆ ಶಾಸನ ಹೊಗಳುತ್ತದೆ. ಪಲ್ಲವರ ತಾಮ್ರಪಟ ಕಂಚಿಯ ಬಳಿಯ ಪುಳ್ಳಲೂರಿನಲ್ಲಿ ಶತ್ರುಗಳನ್ನು ಸೋಲಿಸಿದೆವು ಎನ್ನುತ್ತದೆ. ಮುಂದೆ ಒಂದನೆಯ ನರಸಿಂಹವರ್ಮ 642ರಲ್ಲಿ ಬಾದಾಮಿಯನ್ನೇ ಹಿಡಿದು ವಾತಾಪಿಕೊಂಡ ಎನಿಸಿಕೊಂಡ. ಅವನ ಶಾಸನವನ್ನು ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಕಾಣಬಹುದು.

ಸುಮಾರು ನೂರು ವರ್ಷದ ಬಳಿಕ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಹಿಡಿದ. ಬಾದಾಮಿಗಾದ ಗಾಯಕ್ಕೆ ಸೇಡು ತೀರಿಸುವ ಸಮಯ. ಊರು ಅವನ ಕೈಯಲ್ಲಿತ್ತು, ರಾಜಸಿಂಹೇಶ್ವರದ ಭಂಡಾರ ಕಣ್ಣ ಮುಂದಿತ್ತು.

ಅವನು ಊರನ್ನು ಹಾಳುಗೆಡವಲಿಲ್ಲ. ದೇವರ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟ. ಇದನ್ನು ಕನ್ನಡದಲ್ಲಿ ಬರೆಸಿ, ಕೈಲಾಸನಾಥ ದೇವಾಲಯದ ಮಂಟಪದ ಕಂಬದಲ್ಲಿ ಕೆತ್ತಿಸಿದ. ಅದರ ಶಾಪವಾಕ್ಯ ಗಮನಿಸುವಂಥದ್ದು: ಈ ಅಕ್ಷರಗಳನ್ನೂ ಈ ಧರ್ಮವನ್ನೂ ಅಳಿಸಿದವರಿಗೆ ಈ ಊರಿನ ಘಟಿಕೆಯ ಮಹಾಜನರನ್ನು ಕೊಂದವರ ಗತಿ ಬರಲಿ ಎಂಬುದು ಅದರ ತಾತ್ಪರ್ಯ. ಮಯೂರಶರ್ಮ ಓದಲು ಹೋದ ಘಟಿಕೆಯ ಗೌರವ ನಾಲ್ಕು ಶತಮಾನದ ನಂತರವೂ ಅಷ್ಟಿತ್ತು. ಅದರ ವಿದ್ವಾಂಸರನ್ನು ಕೊಲ್ಲುವುದಕ್ಕಿಂತ ದೊಡ್ಡ ಪಾಪ ಗೆದ್ದ ದೊರೆಗೂ ಹೊಳೆಯಲಿಲ್ಲ. ಅವನ ಮಗನ ಕೆಂದೂರು ತಾಮ್ರಪಟವೂ ರಾಜಸಿಂಹೇಶ್ವರಕ್ಕೆ ಚಿನ್ನ ಕೊಟ್ಟ ಸಂಗತಿಯನ್ನು ಹೇಳುತ್ತದೆ.

ಕಥೆ ಕಂಚಿಯಲ್ಲೇ ಮುಗಿಯಲಿಲ್ಲ. ಗಂಡ ಕಂಚಿಯನ್ನು ಮೂರು ಬಾರಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಾಲಯ ಕಟ್ಟಿಸಿದಳು. ಇಂದು ನಾವು ವಿರೂಪಾಕ್ಷ ಎನ್ನುವ ಗುಡಿ. ಅದರ ವಿನ್ಯಾಸದಲ್ಲಿ ಕೈಲಾಸನಾಥದ ಛಾಯೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಪಟ್ಟದಕಲ್ಲಿನ ಮಾದರಿ ಮುಂದೆ ರಾಷ್ಟ್ರಕೂಟರ ಎಲ್ಲೋರದ ಕೈಲಾಸಕ್ಕೂ ದಾರಿ ತೋರಿತು. ಹಗೆಯ ದಂಡು ಹೋದ ದಾರಿಯಲ್ಲೇ ಶಿಲ್ಪವಿದ್ಯೆ ಕನ್ನಡ ನಾಡಿಗೆ ನಡೆದು ಬಂತು.

ಊರು ಕಳೆದುಕೊಂಡವನ ಗುಡಿ

ವಿಕ್ರಮಾದಿತ್ಯನ ಎದುರು ಸೋತವನು ಪಲ್ಲವಮಲ್ಲ ಎನಿಸಿದ ಎರಡನೆಯ ನಂದಿವರ್ಮ. ಹಿಂದಿನ ದೊರೆಗೆ ವಾರಸುದಾರರಿಲ್ಲದೆ ಹೋದಾಗ ವಂಶದ ಇನ್ನೊಂದು ಕವಲಿನಿಂದ ಹುಡುಗನನ್ನು ಕರೆತಂದು ಪಟ್ಟ ಕಟ್ಟಿದ್ದರು. ಚಾಲುಕ್ಯರು ಹಿಂದಿರುಗಿದ ಮೇಲೂ ಅವನು ಬಹುಕಾಲ ಆಳಿದ. ಅವನು ಕಟ್ಟಿಸಿದ್ದೇ ವೈಕುಂಠ ಪೆರುಮಾಳ್ ದೇವಾಲಯ.

ಇಲ್ಲಿ ಒಂದರ ಮೇಲೊಂದು ಮೂರು ಗರ್ಭಗುಡಿಗಳು. ವಿಷ್ಣು ಒಂದರಲ್ಲಿ ಕುಳಿತು, ಒಂದರಲ್ಲಿ ಮಲಗಿ, ಒಂದರಲ್ಲಿ ನಿಂತು ದರ್ಶನ ಕೊಡುತ್ತಾನೆ. ಸುತ್ತಣ ಪ್ರಾಕಾರದ ಗೋಡೆಯಲ್ಲಿ ಪಲ್ಲವ ವಂಶದ ಕಥೆ ಸಾಲು ಸಾಲಾಗಿ ಕೆತ್ತಿದೆ: ದೊರೆಗಳು, ಯುದ್ಧಗಳು, ಹುಡುಗನನ್ನು ಕರೆತಂದ ಪ್ರಸಂಗ, ಪಟ್ಟಾಭಿಷೇಕ. ಪುರಾಣದ ಕಥೆಗಳ ಜಾಗದಲ್ಲಿ ತನ್ನ ಕಾಲದ ಇತಿಹಾಸವನ್ನೇ ಇಷ್ಟು ವಿಸ್ತಾರವಾಗಿ ಕೆತ್ತಿಸಿದ ಗುಡಿಗಳು ದಕ್ಷಿಣದಲ್ಲಿ ಬಹಳ ಅಪರೂಪ.

ಮಣ್ಣಿನ ಲಿಂಗ, ಒಬ್ಬಳೇ ತಾಯಿ

ಪಂಚಭೂತ ಲಿಂಗಗಳಲ್ಲಿ ಪೃಥ್ವಿಲಿಂಗ ಇರುವುದು ಏಕಾಂಬರೇಶ್ವರದಲ್ಲಿ. ಪಾರ್ವತಿ ಮಾವಿನ ಮರದ ಕೆಳಗೆ ಮರಳಿನ ಲಿಂಗ ಮಾಡಿ ಪೂಜೆಗೆ ಕೂತಿದ್ದಾಗ ನದಿ ಉಕ್ಕಿ ಬಂತು, ಲಿಂಗ ಕೊಚ್ಚಿಹೋಗದಂತೆ ಅವಳು ಅದನ್ನು ತಬ್ಬಿ ಹಿಡಿದಳು ಎಂಬುದು ಸ್ಥಳಪುರಾಣ. ಆ ಮಣ್ಣಿನ ಲಿಂಗಕ್ಕೆ ಇಂದಿಗೂ ನೀರಿನ ಅಭಿಷೇಕವಿಲ್ಲ. ಅಂಗಳದ ಮಾವು ಆ ಪುರಾಣದ ಮರವೆಂದೇ ಪೂಜೆಗೊಳ್ಳುತ್ತದೆ. ಫಾಲ್ಗುಣದ ಉತ್ತರಾ ನಕ್ಷತ್ರದಂದು ಇಲ್ಲಿ ಶಿವ–ಪಾರ್ವತಿಯರ ಕಲ್ಯಾಣೋತ್ಸವ ನಡೆಯುತ್ತದೆ.

ತಮಿಳುನಾಡಿನ ಶಿವಾಲಯಗಳಲ್ಲಿ ಅಮ್ಮನವರಿಗೆ ಪ್ರತ್ಯೇಕ ಗುಡಿ ಇರುವುದು ರೂಢಿ. ಕಂಚಿಯ ಹಳೆಯ ಶಿವಾಲಯಗಳಲ್ಲಿ ಹಾಗಿಲ್ಲ. ಊರಿಗೆಲ್ಲ ಒಬ್ಬಳೇ ತಾಯಿ, ಅವಳು ಕಾಮಾಕ್ಷಿ. ಪ್ರತಿ ಶಿವನ ಪಕ್ಕದಲ್ಲಿ ಇನ್ನೊಬ್ಬಳು ಬೇಕಿಲ್ಲ ಎಂಬುದು ಅಲ್ಲಿನವರ ವಿವರಣೆ. ಕಬ್ಬಿನ ಬಿಲ್ಲು, ಹೂಬಾಣ, ಪಾಶ, ಅಂಕುಶ ಹಿಡಿದು ಪದ್ಮಾಸನದಲ್ಲಿ ಕೂತ ಅವಳ ಎದುರಿನ ಶ್ರೀಚಕ್ರವನ್ನು ಶಂಕರಾಚಾರ್ಯರು ಸ್ಥಾಪಿಸಿದರೆಂದು ಪರಂಪರೆ ಹೇಳುತ್ತದೆ.

ಈ ಗುಡಿಯೊಡನೆ ನಿಕಟ ನಂಟುಳ್ಳ ಕಂಚಿ ಕಾಮಕೋಟಿ ಪೀಠದಲ್ಲಿದ್ದು, ನೂರರ ಅಂಚಿನವರೆಗೆ ಬಾಳಿ ‘ಪರಮಾಚಾರ್ಯ’ರೆಂದು ಪೂಜ್ಯರಾದ ಚಂದ್ರಶೇಖರೇಂದ್ರ ಸರಸ್ವತಿ (1894–1994) ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದವರು.

ಹಸ್ತಿಗಿರಿಯ ವರದ

ಬಂಗಾರದ ಹಲ್ಲಿ ಇರುವುದು ವಿಷ್ಣುಕಂಚಿಯ ವರದರಾಜಸ್ವಾಮಿ ದೇವಾಲಯದಲ್ಲಿ. ಗುರುವಿನ ಶಾಪದಿಂದ ಹಲ್ಲಿಗಳಾದ ಇಬ್ಬರು ಶಿಷ್ಯರಿಗೆ ಇಲ್ಲಿ ಮುಕ್ತಿ ಸಿಕ್ಕಿತು ಎಂಬ ಕಥೆಯ ಗುರುತಾಗಿ ಚಾವಣಿಯಲ್ಲಿ ಚಿನ್ನದ್ದೊಂದು, ಬೆಳ್ಳಿಯದೊಂದು ಹಲ್ಲಿ ಇವೆ. ಜೊತೆಗೆ ಸೂರ್ಯ, ಚಂದ್ರರ ಆಕೃತಿಗಳು. ಸರದಿಯಲ್ಲಿ ನಿಂತು ಮೆಟ್ಟಿಲೇರಿ ಮುಟ್ಟಬೇಕು.

ಮೂಲ ವರದನಿರುವುದು ಹಸ್ತಿಗಿರಿ ಎಂಬ ಎತ್ತರದ ನೆಲೆಯಲ್ಲಿ. 24 ಮೆಟ್ಟಿಲು ಹತ್ತಬೇಕು. ಹೊರಗೆ ನೂರು ಕಾಲಿನ ಮಂಟಪ ಎಂದು ಕರೆಯುವ ಕಲ್ಯಾಣ ಮಂಟಪ ವಿಜಯನಗರ ಕಾಲದ್ದು. ಕುದುರೆ ಏರಿದ ಯೋಧರು ಕಂಬದಿಂದ ಹಾರಿ ಬರುವಂತಿದ್ದಾರೆ. ಮೂಲೆಗಳಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಗಳು ತೂಗುತ್ತವೆ.

ಪಕ್ಕದ ಅನಂತಸರಸ್ಸಿನ ನೀರೊಳಗೆ ಅತ್ತಿ ಮರದ ವರದ ಮಲಗಿದ್ದಾನೆ. ನಲವತ್ತು ವರ್ಷಕ್ಕೊಮ್ಮೆ ಮೇಲೆತ್ತಿ ಪೂಜಿಸುತ್ತಾರೆ. 1979ರ ಬಳಿಕ 2019ರ ಜುಲೈ 1ರಿಂದ 48 ದಿನ ಅತ್ತಿವರದನ ದರ್ಶನ ನಡೆಯಿತು. ಮೊದಲು ಮಲಗಿದ ಭಂಗಿ, ಆಮೇಲೆ ನಿಂತ ಭಂಗಿ. ಕರ್ನಾಟಕದಿಂದಲೂ ರೈಲು, ಬಸ್ಸು ತುಂಬಿ ಜನ ಹೋದರು. ಮುಂದಿನ ದರ್ಶನ 2059ಕ್ಕೆ.

ನಮಗೂ ವರದನಿಗೂ ನಡುವಿನ ಕೊಂಡಿ ರಾಮಾನುಜರು. ತರುಣ ರಾಮಾನುಜರು ಕಂಚಿಯಲ್ಲಿ ಯಾದವಪ್ರಕಾಶರ ಬಳಿ ಓದಿದರು, ಭಿನ್ನಾಭಿಪ್ರಾಯ ಬಂದು ಬಿಟ್ಟರು. ಆಮೇಲೆ ವರದನ ಅಭಿಷೇಕಕ್ಕೆ ದಿನವೂ ಬಾವಿಯ ನೀರು ಹೊತ್ತು ತಂದರು. ವರದನಿಗೆ ಬೀಸಣಿಗೆ ಬೀಸುವ ಸೇವೆಯಲ್ಲಿದ್ದ ತಿರುಕ್ಕಚ್ಚಿ ನಂಬಿ ಬ್ರಾಹ್ಮಣರಲ್ಲ. ಆದರೂ ಅವರನ್ನು ರಾಮಾನುಜರು ಗುರುವೆಂದು ಕಂಡರು ಎಂದು ಪರಂಪರೆ ಹೇಳುತ್ತದೆ. ಹೊಯ್ಸಳ ನಾಡಿಗೆ ಬಂದು ಮೇಲುಕೋಟೆಯಲ್ಲಿ ಎಲ್ಲರನ್ನೂ ಒಳಗೆ ಕರೆದ ರಾಮಾನುಜರನ್ನು ನಾವು ನೆನೆಯುತ್ತೇವೆ. ಆ ಮನಸ್ಸು ಮೊದಲು ಹದವಾದದ್ದು ಕಂಚಿಯಲ್ಲಿ, ನಂಬಿಯ ಸಹವಾಸದಲ್ಲಿ.

ಹಂಪಿಯಿಂದ ಬಂದ ಗೋಪುರ

ಚೋಳರ ಕಾಲದಲ್ಲಿ ಗುಡಿಗಳು ಬೆಳೆದವು. ವಿಜಯನಗರದ ಕಾಲದಲ್ಲಿ ಕಂಚಿ ಇಂದಿನ ಮುಖ ಪಡೆಯಿತು. ಏಕಾಂಬರೇಶ್ವರದ ರಾಜಗೋಪುರ 1509ರ ಸುಮಾರಿಗೆ ಕೃಷ್ಣದೇವರಾಯ ಕಟ್ಟಿಸಿದ್ದು. ಎತ್ತರ ಸುಮಾರು 190 ಅಡಿ. ಅವನ ನಂತರ ಬಂದ ಅಚ್ಯುತರಾಯನ ಶಾಸನವೊಂದು ಸೊಗಸಾದ ಸಂಗತಿ ಹೇಳುತ್ತದೆ. ಏಕಾಂಬರನಾಥನಿಗೂ ವರದನಿಗೂ ಸಮವಾಗಿ ಕೊಡಬೇಕಿದ್ದ ಊರುಗಳನ್ನು ಅಧಿಕಾರಿಯೊಬ್ಬ ಹೆಚ್ಚುಕಡಿಮೆ ಹಂಚಿದ್ದ. ಅರಸ ಅದನ್ನು ಮತ್ತೆ ಸರಿಸಮ ಮಾಡಿಸಿದ. ಶಿವಕಂಚಿ, ವಿಷ್ಣುಕಂಚಿ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟ ನಡೆ ಇದು.

ಜೈನರನ್ನೂ ಆ ರಾಜ್ಯ ಮರೆಯಲಿಲ್ಲ. ಹಂಪಿಯ ಗಾಣಗಿತ್ತಿ ಜಿನಾಲಯ ಕಟ್ಟಿಸಿದ ಸೇನಾನಿ ಇರುಗಪ್ಪನೇ 1387–88ರಲ್ಲಿ ತಿರುಪ್ಪರುತ್ತಿಕುನ್ರಂನ ವರ್ಧಮಾನ ಜಿನಾಲಯಕ್ಕೆ ಸಂಗೀತ ಮಂಟಪ ಕಟ್ಟಿಸಿಕೊಟ್ಟ. ಅದರ ಚಾವಣಿಯಲ್ಲಿ ತೀರ್ಥಂಕರರ ಜೀವನದ ವರ್ಣಚಿತ್ರಗಳಿವೆ. ಕಂಚಿಗೆ ಹೋದ ಕನ್ನಡಿಗರಲ್ಲಿ ಅಲ್ಲಿವರೆಗೆ ಹೋಗುವವರು ಕಡಿಮೆ.

ಕಷ್ಟದ ಕಾಲವೂ ಬಂತು. 1688ರಲ್ಲಿ ಮೊಗಲರ ದಂಡಿನ ಭಯದಿಂದ ವರದನ ಉತ್ಸವಮೂರ್ತಿಯನ್ನು ಗುಟ್ಟಾಗಿ ದಕ್ಷಿಣದ ಉಡೈಯಾರ್‌ಪಾಳ್ಯಂ ಕಾಡಿಗೆ ಸಾಗಿಸಿದರು. ಅದು 1710ರಲ್ಲಿ ಮರಳಿತು. ಕಾಮಾಕ್ಷಿಯ ಬಂಗಾರದ ವಿಗ್ರಹ ಊರೂರು ಸುತ್ತಿ ಕಡೆಗೆ ತಂಜಾವೂರಿನಲ್ಲಿ ನೆಲೆ ನಿಂತಿತು. ಅದನ್ನು ಪೂಜಿಸಿಕೊಂಡು ಬಂದ ಮನೆತನದಲ್ಲೇ ಸಂಗೀತ ತ್ರಿಮೂರ್ತಿಗಳಲ್ಲಿ ಒಬ್ಬರಾದ ಶ್ಯಾಮಾಶಾಸ್ತ್ರಿ ಹುಟ್ಟಿದರು. 1780ರಲ್ಲಿ ಹೈದರ್, ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಬೇಯ್ಲಿ ಎಂಬ ಸೇನಾನಿಯ ದಂಡನ್ನು ಸದೆಬಡಿದದ್ದೂ ಹಳೆಯ ರಣರಂಗ ಪುಳ್ಳಲೂರಿನ ಬಳಿಯೇ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿನ ದೊಡ್ಡ ಚಿತ್ರ ಅದರದ್ದು.

ನಮ್ಮ ರೇಷ್ಮೆ, ಅವರ ಮಗ್ಗ

ಅರಸರು ಹೋದರೂ ಕಂಚಿ–ಕರ್ನಾಟಕದ ನಂಟು ಮುಗಿದಿಲ್ಲ; ಅದು ಈಗ ನೂಲಿನಲ್ಲಿದೆ. ಕಂಚಿ ಸೀರೆಯ ರೇಷ್ಮೆ ಬಹುಪಾಲು ಹೋಗುವುದು ಕರ್ನಾಟಕದಿಂದ, ಜರಿ ಬರುವುದು ಸೂರತ್‌ನಿಂದ.

ಅಸಲಿ ಕಂಚಿ ಸೀರೆಯ ಗುಣ ಅದರ ಅಂಚಿನಲ್ಲಿದೆ. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಲಾಳಿ ಓಡಿಸಿ, ನೆಯ್ಗೆಯಲ್ಲೇ ಎಳೆಗೆ ಎಳೆ ಕೊಂಡಿ ಹಾಕುತ್ತಾರೆ. ಇದನ್ನು ಅಲ್ಲಿ ‘ಕೋರ್ವೈ’ ಎನ್ನುತ್ತಾರೆ. ಒಡಲಿಗೊಂದು, ಎರಡು ಬದಿಯ ಅಂಚಿಗೆ ಒಂದೊಂದರಂತೆ ಮೂರು ಲಾಳಿಯ ಈ ಕೆಲಸಕ್ಕೆ ಒಬ್ಬರ ಕೈ ಸಾಲದು; ಮಗ್ಗದಲ್ಲಿ ಇನ್ನೊಬ್ಬರು ಕೂತು ಒಂದು ಬದಿಯ ಲಾಳಿ ನೋಡಿಕೊಳ್ಳಬೇಕು. ಸೆರಗನ್ನೂ ಹೀಗೆಯೇ ಎಳೆ ಸೇರಿಸಿ ಕೂಡಿಸುತ್ತಾರೆ. ಅದಕ್ಕೇ ಸೀರೆ ಹಳತಾದರೂ ಅಂಚು ಒಡಲಿನಿಂದ ಬಿಡುವುದಿಲ್ಲ. ಈ ಸೀರೆಗೆ 2005–06ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ಯಂತ್ರಮಗ್ಗದ ಅಗ್ಗದ ನಕಲು ಕೈಮಗ್ಗದವರ ಅನ್ನಕ್ಕೆ ಕುತ್ತು ತಂದಿದೆ. ನೇಕಾರರ ಸಹಕಾರ ಸೊಸೈಟಿಗಳ ಅಂಗಡಿಯಲ್ಲಿ ಕೈಮಗ್ಗದ ಗುರುತು, ರೇಷ್ಮೆಯ ಗುರುತು ನೋಡಿ ಕೊಳ್ಳುವುದು ನೇಕಾರನಿಗೆ ನಾವು ಕೊಡಬಹುದಾದ ನಿಜವಾದ ಗೌರವ.

ಹೋಗುವವರ ಹೊಣೆ

ಕೈಲಾಸನಾಥ, ವೈಕುಂಠ ಪೆರುಮಾಳ್ ಎರಡೂ ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಮರಳುಗಲ್ಲು ಮೃದುವಾದದ್ದು, ಮಳೆ, ಗಾಳಿಗೆ ಪುಡಿಯಾಗಿ ಉದುರುತ್ತದೆ. ಹಿಂದಿನ ದುರಸ್ತಿಗಳಲ್ಲಿ ಮೆತ್ತಿದ ಗಾರೆ ಕೆಲವು ಶಿಲ್ಪಗಳ ಮೂಲ ರೂಪವನ್ನೇ ಮುಚ್ಚಿದೆ. ವೇಗವತಿಯ ಪಾತ್ರ ಕಿರಿದಾಗಿ, ಹರಿವು ಸೊರಗಿ, ಕೊಳಚೆ ಸೇರಿದೆ. ಪಾರ್ವತಿ ಲಿಂಗವನ್ನು ತಬ್ಬಿಕೊಳ್ಳುವಷ್ಟು ಉಕ್ಕಿದ ನದಿ ಎಂದರೆ ಇಂದಿನ ಮಕ್ಕಳು ನಂಬುವುದು ಕಷ್ಟ.

ಕಂಚಿಗೆ ಅರ್ಧ ದಿನ ಸಾಲದು, ಎರಡು ದಿನ ಬೇಕು. ಬೆಳಗಿನ ಬಿಸಿಲಿನಲ್ಲಿ ಕೈಲಾಸನಾಥ, ಆಮೇಲೆ ಏಕಾಂಬರೇಶ್ವರ, ಕಾಮಾಕ್ಷಿ, ವೈಕುಂಠ ಪೆರುಮಾಳ್. ಮಾರನೆಯ ದಿನ ವರದರಾಜ, ಮತ್ತೆ ನದಿ ದಾಟಿ ಜಿನಕಂಚಿ. ಮಧ್ಯಾಹ್ನ ಗುಡಿಗಳು ಮುಚ್ಚುವ ಹೊತ್ತಿಗೆ ಮಗ್ಗದ ಬೀದಿ. ಮಕ್ಕಳನ್ನು ಕರೆದುಕೊಂಡು ಹೋದರೆ ಕನ್ನಡ ಶಾಸನವಿರುವ ಕಂಬ ತೋರಿಸಿ. ಗೋಡೆಗೆ ಕೈ ತಾಗಿಸದೆ, ಹೆಸರು ಕೆತ್ತದೆ, ಎಣ್ಣೆ ಬಳಿಯದೆ ನೋಡುವುದನ್ನೂ ಕಲಿಸಿ.

ಕಂಚಿಯನ್ನು ಉಳಿಸಿದ್ದು ಅದರ ಕೋಟೆಯಲ್ಲ. ಕೋಟೆ ಹಲವು ಸಲ ಬಿತ್ತು. ಹೊರಗಿನಿಂದ ಬಂದ ಹಲವರು ಇದು ತಮಗೂ ಸೇರಿದ್ದು ಎಂದುಕೊಂಡದ್ದರಿಂದ ಅದು ಉಳಿಯಿತು. ಪಲ್ಲವರ ಗುಡಿಗೆ ಚಾಲುಕ್ಯ ಚಿನ್ನ ಕೊಟ್ಟ, ಚೋಳರು ಬೆಳೆಸಿದ ಗುಡಿಗೆ ತುಳುವ ವಂಶದ ಕೃಷ್ಣದೇವರಾಯ ಗೋಪುರ ಎತ್ತಿದ, ಜಿನಾಲಯಕ್ಕೆ ಹಂಪಿಯ ಸೇನಾನಿ ಮಂಟಪ ಕೊಟ್ಟ. ಗೆದ್ದು ಬಂದ ದೊರೆಗೇ ಇದ್ದ ಆ ವಿವೇಕ ದರ್ಶನಕ್ಕೆ ಹೋಗುವ ನಮಗೂ ಇರಬೇಕು. ಅಲ್ಲಿಂದ ಏನನ್ನು ಕೇಳಿ ಪಡೆದು ಬರುತ್ತೇವೆ ಎಂಬುದರಷ್ಟೇ, ಅಲ್ಲಿ ಏನನ್ನು ಕಾಯ್ದು ಬರುತ್ತೇವೆ ಎಂಬುದೂ ತೀರ್ಥಯಾತ್ರೆಯ ಫಲ.